ಆಸ್ಟೂರಿಯಾಸ್ ಹಡಗಿನ ಕಾವಲು: ಮದರಾಸು ಬಂದರು, 1954

1

ಮದರಾಸು ನಗರದ ಕೋಡಂಬಾಕ್ಕಂ ಕನ್ನಡಿಗರಿಗೆ ಪರಿಚಿತವಾದದ್ದು ಚಲನಚಿತ್ರದ ಮೂಲಕ. ಕನ್ನಡ ಚಿತ್ರೋದ್ಯಮವು ಬೆಂಗಳೂರಿನಲ್ಲಿ ನೆಲೆಯೂರುವುದಕ್ಕೆ ಮುನ್ನ, ಕನ್ನಡದ ಕಲಾವಿದರೂ ತಂತ್ರಜ್ಞರೂ ಹಲವು ದಶಕಗಳ ಕಾಲ ಕೋಡಂಬಾಕ್ಕಂ ಮತ್ತು ಅದಕ್ಕೆ ಹೊಂದಿಕೊಂಡ ವಡಪಳನಿಯ ಸ್ಟುಡಿಯೋಗಳನ್ನು ಆಶ್ರಯಿಸಿದ್ದರು. ಆ ಇತಿಹಾಸದಲ್ಲಿ 1954ನೆಯ ಇಸವಿಗೆ ವಿಶೇಷ ಸ್ಥಾನವಿದೆ. ಗುಬ್ಬಿ ಸಂಸ್ಥೆಯೂ ಎ.ವಿ.ಎಂ. ಸಂಸ್ಥೆಯೂ ಕೂಡಿ ನಿರ್ಮಿಸಿದ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಕಂಡದ್ದು ಆ ವರ್ಷದಲ್ಲಿ. ರಾಜಕುಮಾರ್ ಅವರು ನಾಯಕನಟರಾಗಿ ಜನರೆದುರು ಬಂದದ್ದು ಆ ಚಿತ್ರದಿಂದ. ಹೀಗಾಗಿ 1954ರ ಮದರಾಸು ಎಂದೊಡನೆ ಕನ್ನಡ ವಿದ್ವಾಂಸರ ನೆನಪು ಕೋಡಂಬಾಕ್ಕಂನತ್ತ ಹರಿಯುವುದು ಸಹಜವಾಗಿದೆ.

ಅದೇ ವರ್ಷದ ಫೆಬ್ರವರಿ ತಿಂಗಳಿನಲ್ಲಿ, ಕೋಡಂಬಾಕ್ಕಂನಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಮದರಾಸು ಬಂದರಿಗೆ ‘ಆಸ್ಟೂರಿಯಾಸ್’ ಎಂಬ ಭಾರಿ ಪ್ರಯಾಣಿಕ ಹಡಗೊಂದು ಬಂದಿತು. ಅದರಲ್ಲಿ ಕೊರಿಯಾದಿಂದ ಮರಳುತ್ತಿದ್ದ ಭಾರತೀಯ ಸೈನಿಕರಿದ್ದರು. ಅವರ ರಕ್ಷಣೆಯಲ್ಲಿ 88 ಮಂದಿ ಕೊರಿಯನರೂ ಚೀನೀಯರೂ ಇದ್ದರು. ಈ 88 ಮಂದಿ ಕೆಲವೇ ವಾರಗಳ ಹಿಂದಿನವರೆಗೆ ಯುದ್ಧಕೈದಿಗಳಾಗಿದ್ದವರು. ತಮ್ಮನ್ನು ಸೆರೆಹಿಡಿದವರ ಪಕ್ಷಕ್ಕೂ ತಮ್ಮ ಸ್ವಂತ ಪಕ್ಷಕ್ಕೂ ಸೇರಲೊಲ್ಲೆವೆಂದು ಹೇಳಿ ಮೂರನೆಯ ದಾರಿಯನ್ನು ಕೋರಿದವರು. ಅವರನ್ನು ಮದರಾಸಿಗೆ ತಂದ ಏರ್ಪಾಡಿನ ಶಿರೋಭಾಗದಲ್ಲಿದ್ದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ತಿಮ್ಮಯ್ಯನವರ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಈ ಹಡಗಿನ ಪ್ರಸಂಗವು ಕನ್ನಡದ ಇತಿಹಾಸ ಬರವಣಿಗೆಯಲ್ಲಿ ಪಡೆಯಬೇಕಾದಷ್ಟು ಸ್ಥಾನವನ್ನು ಪಡೆದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಈ ಕಾವಲಿನ ಸ್ವರೂಪವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಕೈದಿಯು ತಪ್ಪಿಸಿಕೊಂಡು ಹೋಗದಂತೆ ನೋಡಿಕೊಳ್ಳುವುದು ಕಾವಲಿನ ಸಾಮಾನ್ಯ ಉದ್ದೇಶ. ಇಲ್ಲಿ ಕಾಯಬೇಕಾಗಿದ್ದುದು ಮನುಷ್ಯರ ದೇಹವನ್ನು ಮಾತ್ರವಲ್ಲ, ಅವರು ಮಾಡಿಕೊಂಡ ಆಯ್ಕೆಯನ್ನು. ಈ ವ್ಯತ್ಯಾಸವೇ ನಮ್ಮ ವಿಚಾರದ ಕೇಂದ್ರ.

2

ಕಡಲ ಮೇಲಿನ ಕಾವಲು ಕನ್ನಡ ನಾಡಿಗೆ ಹೊಸದಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೂರು ವರ್ಷಗಳಿಗೆ, ಅಂದರೆ 1837ರಲ್ಲಿ, ಕೊಡಗು ಮತ್ತು ದಕ್ಷಿಣ ಕನ್ನಡದ ರೈತರು ಬಂಡೆದ್ದರು. ಆ ದಂಗೆಯ ಮುಖಂಡರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಬೇರೆ ಕೆಲವರಿಗೆ ಸಮುದ್ರದಾಚೆಗೆ ಗಡೀಪಾರಾಗುವ ಶಿಕ್ಷೆ ದೊರೆಯಿತು. ಅಂಥವರ ಪಾಲಿಗೆ ಹಡಗೆಂಬುದು ತೇಲುವ ಸೆರೆಮನೆ. ಅಲ್ಲಿ ಕಾವಲುಗಾರನ ಮುಖ ಯಾವಾಗಲೂ ಕೈದಿಯ ಕಡೆಗಿರುತ್ತಿತ್ತು.

1914ರ ‘ಕೊಮಗಟ ಮಾರು’ ಹಡಗಿನ ಪ್ರಸಂಗ ಇನ್ನೊಂದು ಬಗೆಯದು. ಬಹುಮಟ್ಟಿಗೆ ಪಂಜಾಬಿನವರಾಗಿದ್ದ 376 ಪ್ರಯಾಣಿಕರನ್ನು ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳ ಕಾಲ ಹಡಗಿನಲ್ಲಿಯೇ ತಡೆದು, ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಕಳುಹಿಸಲಾಯಿತು. ಅಲ್ಲಿಯ ಪಹರೆ ಹಡಗಿನಿಂದ ಯಾರೂ ದಡಕ್ಕೆ ಇಳಿಯದಂತೆ ತಡೆಯುವುದಕ್ಕಾಗಿ ಇದ್ದಿತು. ಒಂದು ಕಡೆ ನೆಲದಿಂದ ಹೊರದೂಡುವ ಕಾವಲು, ಇನ್ನೊಂದು ಕಡೆ ನೆಲಕ್ಕೆ ಸೇರಿಸದ ಕಾವಲು. ಸಾಮ್ರಾಜ್ಯದ ಕಾಲದ ಹಡಗು ಈ ಎರಡಕ್ಕೂ ಒದಗಿ ಬಂದ ಸಾಧನವಾಗಿತ್ತು.

ಕನ್ನಡದ ‘ಕಾವಲು’ ಎಂಬ ಪದ ಇವೆರಡಕ್ಕಿಂತ ವಿಶಾಲವಾದುದು. ಸೆರೆಮನೆಗೆ ಕಾವಲುಂಟು; ಹೊಲಕ್ಕೂ ಕಾವಲುಂಟು. ಹಳೆಯ ಮೈಸೂರಿನಲ್ಲಿ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲಿಗೂ ‘ಕಾವಲು’ ಎಂದೇ ಹೆಸರು. ಸೆರೆಮನೆಯ ಕಾವಲುಗಾರ ಒಳಮುಖವಾಗಿ ನಿಲ್ಲುತ್ತಾನೆ, ಹೊಲದ ಕಾವಲುಗಾರ ಹೊರಮುಖವಾಗಿ ನಿಲ್ಲುತ್ತಾನೆ. ಮಂಚಿಕೆಯ ಮೇಲೆ ಕುಳಿತವನಿಗೆ ಪೈರಿನ ಮೇಲೆ ಸಂಶಯವಿಲ್ಲ. ಅವನ ಕಣ್ಣು ಹೊರಗಿನಿಂದ ಬರುವ ಹಂದಿ, ಹಕ್ಕಿ, ಕಳ್ಳರ ಮೇಲಿರುತ್ತದೆ. 1953-54ರಲ್ಲಿ ಭಾರತದ ಪಡೆಗೆ ಬಂದ ಕರ್ತವ್ಯದಲ್ಲಿ ಈ ಎರಡು ಅರ್ಥಗಳೂ ಒಂದಕ್ಕೊಂದು ತೊಡರಿಕೊಂಡಿದ್ದವು. ಈ ತೊಡಕನ್ನು ತಿಳಿಯಬೇಕಾದರೆ ಕೊರಿಯಾದ ಕದನವಿರಾಮದ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

3

1950ರ ಜೂನ್ ತಿಂಗಳಿನಲ್ಲಿ ಆರಂಭವಾದ ಕೊರಿಯಾ ಯುದ್ಧಕ್ಕೆ ಒಂದು ವರ್ಷ ತುಂಬುತ್ತಿದ್ದಂತೆಯೇ ಸಂಧಾನದ ಮಾತುಕತೆಗಳು ತೊಡಗಿದವು. ಆದರೆ ಒಪ್ಪಂದಕ್ಕೆ 1953ರ ಜುಲೈ 27ರವರೆಗೆ ಕಾಯಬೇಕಾಯಿತು. ವಿಳಂಬಕ್ಕೆ ಮುಖ್ಯ ಕಾರಣ ಯುದ್ಧಕೈದಿಗಳ ಪ್ರಶ್ನೆ. 1949ರ ಜಿನೀವಾ ಒಡಂಬಡಿಕೆಯ 118ನೆಯ ಅನುಚ್ಛೇದದಂತೆ, ಹೋರಾಟ ನಿಂತ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕು. ಆದರೆ ಸಂಯುಕ್ತ ರಾಷ್ಟ್ರಗಳ ಪಡೆಯ ವಶದಲ್ಲಿದ್ದ ಸಾವಿರಾರು ಚೀನೀಯರೂ ಉತ್ತರ ಕೊರಿಯನರೂ ತಾವು ಮರಳುವುದಿಲ್ಲವೆಂದರು. ಮರಳಲೊಲ್ಲದವನನ್ನು ಬಲವಂತದಿಂದ ಕಳುಹಿಸಬಹುದೇ? ಅವನ ‘ಒಲ್ಲೆ’ ಎಂಬ ಮಾತು ನಿಜವಾಗಿಯೂ ಅವನದೇ, ಅಥವಾ ಶಿಬಿರದಲ್ಲಿ ಅವನಿಂದ ಬೆದರಿಸಿ ಹೇಳಿಸಿದ್ದೇ? ಇವು ಒಡಂಬಡಿಕೆಯನ್ನು ರಚಿಸಿದವರು ನಿರೀಕ್ಷಿಸದೆ ಇದ್ದ ಪ್ರಶ್ನೆಗಳು.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಸೂಚಿಸಿದ್ದು ಭಾರತ. ವಿ.ಕೆ. ಕೃಷ್ಣ ಮೆನನ್ ಅವರ ಪ್ರಯತ್ನದಿಂದ ರೂಪುಗೊಂಡ ಭಾರತದ ನಿರ್ಣಯವನ್ನು ಸಂಯುಕ್ತ ರಾಷ್ಟ್ರಗಳ ಮಹಾಸಭೆ 1952ರ ಡಿಸೆಂಬರಿನಲ್ಲಿ ಅಂಗೀಕರಿಸಿತು. 1953ರ ಜೂನ್ 8ರಂದು ಉಭಯಪಕ್ಷಗಳು ಒಪ್ಪಿದ ನಿಯಮಾವಳಿಗೆ ಅದೇ ಮೂಲಾಧಾರವಾಯಿತು. ಅದರಂತೆ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಎಂಬ ಐದು ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅಧ್ಯಕ್ಷತೆಯೂ, ಕೈದಿಗಳನ್ನು ಕಾಯುವ ಸಶಸ್ತ್ರ ಪಡೆಯನ್ನು ಒದಗಿಸುವ ಹೊಣೆಯೂ ಭಾರತದ ಪಾಲಿಗೆ ಬಂದವು. ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯನವರು ಆಯೋಗದ ಅಧ್ಯಕ್ಷರಾದರು. ‘ಭಾರತೀಯ ಅಭಿರಕ್ಷಕ ಪಡೆ’ ಎಂದು ನಾವು ಕರೆಯಬಹುದಾದ ಸುಮಾರು 6,000 ಮಂದಿಯ ಪಡೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಅವರು ದಳಪತಿಗಳಾದರು. ಥೋರಾಟರು ನಮ್ಮ ನೆರೆಯ ಕೊಲ್ಲಾಪುರ ಸೀಮೆಯವರು.

ಈ ಪಡೆ ಕೊರಿಯಾ ತಲುಪಿದ ರೀತಿಯೇ ಅಸಾಮಾನ್ಯವಾಗಿತ್ತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರು ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಕೈದಿಗಳ ವಿಷಯದಲ್ಲಿ ಅವರ ನಿಲುವು ಎಂಥದೆಂಬುದು ಅದಕ್ಕೆ ಮೊದಲೇ ತಿಳಿದಿತ್ತು. 1953ರ ಜೂನ್ 18ರಂದು ಅವರು ಶಿಬಿರಗಳ ಬಾಗಿಲು ತೆರೆಯಿಸಿ 25,000ಕ್ಕೂ ಹೆಚ್ಚು ಕೊರಿಯನ್ ಕೈದಿಗಳನ್ನು ಹೊರಬಿಟ್ಟಿದ್ದರು. ಪರಿಣಾಮವಾಗಿ, ಇಂಚೋನ್ ಬಂದರಿನ ಹೊರಗೆ ನಿಂತ ಹಡಗುಗಳಿಂದ ಭಾರತೀಯ ಸೈನಿಕರನ್ನು ಅಮೆರಿಕದ ವಿಮಾನವಾಹಕ ನೌಕೆಯೊಂದಕ್ಕೆ ಸಾಗಿಸಿ, ಅಲ್ಲಿಂದ ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೈನ್ಯರಹಿತ ವಲಯದಲ್ಲಿ ಇಳಿಸಲಾಯಿತು. ಕಾಯಲು ಬಂದವರಿಗೇ ದಾರಿಯುದ್ದಕ್ಕೂ ಕಾವಲು ಬೇಕಾಯಿತು ಎಂಬುದು ಇಲ್ಲಿ ಗಮನಾರ್ಹ.

4

‘ಹಿಂದ್ ನಗರ’ ಎಂದು ಹೆಸರಿಟ್ಟ ಭಾರತೀಯರ ಬೀಡಿನ ಸುತ್ತಲಿನ ಶಿಬಿರಗಳಿಗೆ 1953ರ ಸೆಪ್ಟೆಂಬರಿನಲ್ಲಿ ಕೈದಿಗಳು ಬಂದರು. ಸಂಯುಕ್ತ ರಾಷ್ಟ್ರಗಳ ಪಡೆ ಒಪ್ಪಿಸಿದವರು 22,604 ಮಂದಿ; ಅವರಲ್ಲಿ 14,704 ಚೀನೀಯರು, 7,900 ಉತ್ತರ ಕೊರಿಯನರು. ಎದುರುಪಕ್ಷ ಒಪ್ಪಿಸಿದವರು 359 ಮಂದಿ. ಅವರಲ್ಲಿ 335 ಕೊರಿಯನರು, 23 ಅಮೆರಿಕನರು, ಒಬ್ಬ ಬ್ರಿಟಿಷ್ ಸೈನಿಕ.

ನಿಯಮಾವಳಿಯ ಮುಖ್ಯಾಂಶಗಳು ಸರಳವಾಗಿದ್ದವು. ಕೈದಿಯನ್ನು ಸ್ವದೇಶಕ್ಕೆ ಕಳುಹಿಸುವುದಕ್ಕಾಗಲಿ, ಹೋಗದಂತೆ ತಡೆಯುವುದಕ್ಕಾಗಲಿ ಬಲಪ್ರಯೋಗವನ್ನೂ ಬೆದರಿಕೆಯನ್ನೂ ಮಾಡಕೂಡದು. ಅವನ ದೇಹಕ್ಕೂ ಗೌರವಕ್ಕೂ ಕುಂದು ತರಕೂಡದು. ಸ್ವದೇಶದ ಪ್ರತಿನಿಧಿಗಳು ಬಂದು 90 ದಿನಗಳ ಅವಧಿಯಲ್ಲಿ ಅವನಿಗೆ ಪರಿಸ್ಥಿತಿಯನ್ನು ವಿವರಿಸಬಹುದು. ಅಂಥ ಪ್ರತಿನಿಧಿಗಳ ಸಂಖ್ಯೆ ಸಾವಿರ ಕೈದಿಗಳಿಗೆ ಏಳನ್ನು ಮೀರಕೂಡದು. ವಿವರಣೆಯ ಡೇರೆಗೆ ಎರಡು ಬಾಗಿಲುಗಳಿದ್ದವು. ಒಂದು ಸ್ವದೇಶದ ಕಡೆಗೆ, ಇನ್ನೊಂದು ಮರಳಿ ಶಿಬಿರದ ಕಡೆಗೆ. ಯಾವ ಬಾಗಿಲಿನಿಂದ ಹೊರಡಬೇಕೆಂಬುದು ಕೈದಿಗೆ ಬಿಟ್ಟದ್ದು. ಅವನನ್ನು ಡೇರೆಯವರೆಗೆ ಕರೆತಂದು, ಅವನು ಆಯ್ದ ಬಾಗಿಲಿನಿಂದ ಕರೆದೊಯ್ಯುವುದು ಭಾರತೀಯ ಸಿಪಾಯಿಯ ಕೆಲಸ.

ಕಾಗದದ ಮೇಲೆ ಸರಳವಾಗಿದ್ದುದು ತಂತಿಬೇಲಿಯ ಒಳಗೆ ಸರಳವಾಗಿ ಉಳಿಯಲಿಲ್ಲ. ಪ್ರತಿಯೊಂದು ಆವರಣದೊಳಗೂ ಕೈದಿಗಳದೇ ಸಂಘಟನೆಗಳಿದ್ದು, ಅವುಗಳ ಮುಖಂಡರು ಉಳಿದವರ ಬಾಯಿ ಕಟ್ಟಿದ್ದರು. ಸ್ವದೇಶಕ್ಕೆ ಮರಳುವ ಇಚ್ಛೆಯನ್ನು ತೋರಿದವರ ಕೊಲೆಗಳೂ ನಡೆದವು. ಭಾರತೀಯರನ್ನು ಶತ್ರುಪಕ್ಷದವರೆಂದು ಬಗೆದು ಕಲ್ಲು ತೂರಿದ ಪ್ರಸಂಗಗಳೂ ಉಂಟು. ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಚೀನೀ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಹಿಡಿದಿಟ್ಟುಕೊಂಡಾಗ, ಥೋರಾಟರು ಗುಂಡು ಹಾರಿಸಲು ಆಜ್ಞೆ ಕೊಡದೆ, ತಾವೇ ಆವರಣದೊಳಕ್ಕೆ ನಡೆದುಹೋಗಿ ಮಾತಿನಿಂದಲೇ ಅವರನ್ನು ಬಿಡಿಸಿಕೊಂಡು ಬಂದರು. ಈ ಧೈರ್ಯಕ್ಕಾಗಿ ಅವರಿಗೆ ಅಶೋಕ ಚಕ್ರದ ಎರಡನೆಯ ದರ್ಜೆಯ ಪದಕ ದೊರೆಯಿತು. ಎಲ್ಲ ಸಂದರ್ಭಗಳೂ ಹೀಗೆ ಮುಗಿಯಲಿಲ್ಲ. ಅಕ್ಟೋಬರಿನ ಮೊದಲಲ್ಲಿ ಬೇಲಿ ಮುರಿಯಲು ಗುಂಪು ನುಗ್ಗಿದಾಗ ಕಾವಲುಗಾರರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಬಲವನ್ನು ಬಳಸಕೂಡದೆಂಬ ನಿಯಮವನ್ನು ಕಾಪಾಡಲು ಕೈಯಲ್ಲಿ ಬಂದೂಕವಿದ್ದ ಪಡೆಯೊಂದನ್ನು ನೇಮಿಸಿದ್ದುದರ ವಿರೋಧಾಭಾಸ ಆ ದಿನಗಳಲ್ಲಿ ಬಯಲಾಯಿತು.

ತಿಮ್ಮಯ್ಯನವರಿಗೆ ಇಂಥ ಆಯ್ಕೆಯ ಕಷ್ಟ ಪುಸ್ತಕದಿಂದ ತಿಳಿದದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಿಂಗಾಪುರವು ಪತನವಾದಾಗ ಸೆರೆಸಿಕ್ಕ ಭಾರತೀಯ ಅಧಿಕಾರಿಗಳಲ್ಲಿ ಅವರ ಸೋದರರೂ ಒಬ್ಬರು. ಅವರು ಆಜಾದ್ ಹಿಂದ್ ಫೌಜನ್ನು ಸೇರಿದರು. ತಿಮ್ಮಯ್ಯನವರು ಬರ್ಮಾ ರಣರಂಗದಲ್ಲಿ ಎದುರು ಪಕ್ಷದಲ್ಲಿ ಕಾದಿದರು. 1945ರಲ್ಲಿ ಸಿಂಗಾಪುರದಲ್ಲಿ ಜಪಾನೀ ಸೈನ್ಯ ಶರಣಾದ ಸಮಾರಂಭದಲ್ಲಿ ಭಾರತದ ಪರವಾಗಿ ಉಪಸ್ಥಿತರಿದ್ದರು. ಒಂದೇ ಮನೆಯ ಇಬ್ಬರು ಯೋಧರು ಎರಡು ಪಕ್ಷಗಳನ್ನು ಸೇರಬಹುದು, ಸೆರೆಯಲ್ಲಿದ್ದವನ ನಿಷ್ಠೆಯ ಬಗ್ಗೆ ಹೊರಗಿದ್ದವನು ಸುಲಭವಾಗಿ ತೀರ್ಪು ಕೊಡಲಾಗದು ಎಂಬ ಅರಿವು ಅಂಥವರಿಗೆ ಸಹಜವಾಗಿಯೇ ಇದ್ದೀತು.

ಫಲಿತಾಂಶವನ್ನು ಅಂಕಿಗಳಲ್ಲಿ ಹೀಗೆ ಹೇಳಬಹುದು. ದಕ್ಷಿಣದ ಶಿಬಿರದ 22,604 ಮಂದಿಯಲ್ಲಿ ಸ್ವದೇಶಕ್ಕೆ ಮರಳಲೊಪ್ಪಿದವರು 628: ಚೀನೀಯರು 440, ಕೊರಿಯನರು 188. ವಿವರಣೆಯನ್ನು ಕೇಳಿದವರ ಸಂಖ್ಯೆಯೇ ಒಟ್ಟು ಕೈದಿಗಳ ಒಂದು ಸಣ್ಣ ಭಾಗ. ಉಳಿದವರನ್ನು ಏನು ಮಾಡಬೇಕೆಂಬುದನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನವು ಅವಧಿಯೊಳಗೆ ಸೇರಲೇ ಇಲ್ಲ. ಕೈದಿಗಳನ್ನು ಸ್ವತಂತ್ರ ನಾಗರಿಕರೆಂದು ಘೋಷಿಸುವ ಅಧಿಕಾರ ಅಂಥ ಪರಿಸ್ಥಿತಿಯಲ್ಲಿ ತಮಗಿಲ್ಲವೆಂದು ಬಗೆದ ತಿಮ್ಮಯ್ಯನವರು, 1954ರ ಜನವರಿ 20ರಿಂದ ಅವರನ್ನು ಮೊದಲು ಹಿಡಿದಿಟ್ಟಿದ್ದ ಪಕ್ಷಗಳಿಗೇ ಮರಳಿಸಿದರು. ಚೀನೀಯರಲ್ಲಿ ಬಹುಪಾಲಿನವರು ತೈವಾನಿಗೂ ಕೊರಿಯನರು ದಕ್ಷಿಣ ಕೊರಿಯಾಕ್ಕೂ ಸೇರಿದರು.

ಎರಡು ಪಕ್ಷಗಳೂ ಬೇಡವೆಂದವರು ಮಾತ್ರ ಭಾರತೀಯರ ಬಳಿ ಉಳಿದರು. ದಕ್ಷಿಣದ ಶಿಬಿರದಿಂದ 74 ಮಂದಿ ಉತ್ತರ ಕೊರಿಯನರು, 12 ಮಂದಿ ಚೀನೀಯರು, ಉತ್ತರದ ಶಿಬಿರದಿಂದ ಇಬ್ಬರು ದಕ್ಷಿಣ ಕೊರಿಯನರು, ಒಟ್ಟು 88. ಇಪ್ಪತ್ತೆರಡು ಸಾವಿರಕ್ಕೆ ಎದುರಾಗಿ ಎಂಬತ್ತೆಂಟು ಅತ್ಯಲ್ಪವೇ ಸರಿ. ಆದರೆ ಆವರಣದೊಳಗಿನ ಸಂಘಟನೆಗಳ ಬಲವನ್ನು ನೆನೆದರೆ, ಗುಂಪಿನಿಂದ ಹೊರಬಂದು ಕಾವಲುಗಾರನ ಮುಂದೆ ಒಂಟಿಯಾಗಿ ನಿಂತು ಬೇರೆ ಮಾತು ಹೇಳುವುದು ಎಷ್ಟು ಅಪಾಯದ ಕೆಲಸವೆಂಬುದು ತಿಳಿಯುತ್ತದೆ.

5

ಇನ್ನು ಹಡಗಿನ ವಿಷಯ. ಆಸ್ಟೂರಿಯಾಸ್ ಬೆಲ್ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ನಿರ್ಮಾಣಗೊಂಡು 1925ರಲ್ಲಿ ನೀರಿಗಿಳಿದ, 22,000 ಟನ್ನುಗಳನ್ನು ಮೀರಿದ ಹಡಗು. ರಾಯಲ್ ಮೇಲ್ ಸಂಸ್ಥೆಗೆ ಸೇರಿದ ಅದು 1926ರಿಂದ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಬ್ರೆಜಿಲ್ ಮತ್ತು ಅರ್ಜೆಂಟೀನಾ ದೇಶಗಳಿಗೆ ಸಿರಿವಂತ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಫಿರಂಗಿಗಳನ್ನು ಹೂಡಿ ಯುದ್ಧಸೇವೆಗೆ ತೆಗೆದುಕೊಳ್ಳಲಾಯಿತು. 1943ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪಿಡೊ ಏಟಿಗೆ ಸಿಕ್ಕಿಯೂ ಅದು ಮುಳುಗದೆ ಉಳಿಯಿತು. ಯುದ್ಧಾನಂತರ ಆಸ್ಟ್ರೇಲಿಯಕ್ಕೆ ವಲಸಿಗರನ್ನು ಸಾಗಿಸಿ, ಬಳಿಕ ಸೈನಿಕರ ಸಾಗಣೆಗೆ ಒದಗಿತು. 1953ರಲ್ಲಿ ಕೊರಿಯಾದ ಸೆರೆಯಿಂದ ಬಿಡುಗಡೆ ಹೊಂದಿದ ಬ್ರಿಟಿಷ್ ಯೋಧರನ್ನು ಅವರ ತಾಯ್ನಾಡಿಗೆ ತಲುಪಿಸಿದ ಹಡಗುಗಳಲ್ಲಿ ಅದೂ ಒಂದು. ಮನೆಗೆ ಮರಳುವವರನ್ನು ಹೊತ್ತು ಸಾಗಿದ ಹಡಗೇ ಕೆಲವು ತಿಂಗಳುಗಳ ತರುವಾಯ ಮನೆಗೆ ಮರಳಲೊಲ್ಲದವರನ್ನು ಹೊತ್ತಿತು.

1954ರ ಫೆಬ್ರವರಿಯಲ್ಲಿ ಇಂಚೋನಿನಿಂದ ಹೊರಟ ಆಸ್ಟೂರಿಯಾಸ್ ಪೀತ ಸಮುದ್ರ, ದಕ್ಷಿಣ ಚೀನಾ ಸಮುದ್ರ, ಮಲಕ್ಕಾ ಜಲಸಂಧಿಗಳನ್ನು ದಾಟಿ, ಬಂಗಾಳ ಕೊಲ್ಲಿಯ ಮೂಲಕ ಮದರಾಸನ್ನು ಸೇರಿತು. ಈ ಪ್ರಯಾಣದಲ್ಲಿ ಕಾವಲಿನ ಅರ್ಥವು ಮೂರು ಬಗೆಗಳಲ್ಲಿ ಬದಲಾಯಿತೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಕಾಯಲ್ಪಟ್ಟವರ ಸ್ಥಾನಮಾನ. ಸಂಯುಕ್ತ ರಾಷ್ಟ್ರಗಳ ಪಡೆ ತನಗೆ ಮರಳಿ ಬಂದವರನ್ನು ಜನವರಿ 23ರಂದು ನಾಗರಿಕರೆಂದು ಸಾರಿ ಬಿಡುಗಡೆ ಮಾಡಿತು. ಹಡಗಿನಲ್ಲಿದ್ದ 88 ಮಂದಿಗೆ ಆ ಘೋಷಣೆಯೂ ಸಲ್ಲಲಿಲ್ಲ, ಯಾವ ದೇಶದ ಪೌರತ್ವವೂ ದೊರೆತಿರಲಿಲ್ಲ. ಕೈದಿಯೆನ್ನಲು ಅವರನ್ನು ಹಿಡಿದಿಟ್ಟ ಶತ್ರುವಿಲ್ಲ; ಪ್ರಯಾಣಿಕನೆನ್ನಲು ತಲುಪಬೇಕಾದ ಊರಿಲ್ಲ; ಅತಿಥಿಯೆನ್ನಲು ಭಾರತವು ಅವರಿಗೆ ಕೊಟ್ಟದ್ದು ತಾತ್ಕಾಲಿಕ ಆಶ್ರಯ ಮಾತ್ರ. ಅಪರಾಧಿಯನ್ನು ಕಾಯುವ ಸಿಪಾಯಿಗೆ ಶಿಕ್ಷೆಯ ಅವಧಿ ತಿಳಿದಿರುತ್ತದೆ. ಇವರನ್ನು ಕಾಯುವ ಕೆಲಸಕ್ಕೆ ಅಂಥ ಕೊನೆಯೆಂಬುದಿರಲಿಲ್ಲ.

ಎರಡನೆಯದು ಧ್ವಜದ ಪ್ರಶ್ನೆ. ಆಸ್ಟೂರಿಯಾಸ್ ಬ್ರಿಟಿಷ್ ಹಡಗು. ಬ್ರಿಟನ್ ಕೊರಿಯಾದಲ್ಲಿ ಸಂಯುಕ್ತ ರಾಷ್ಟ್ರಗಳ ಪಡೆಯ ಅಂಗವಾಗಿ ಕಾದಿದ ದೇಶ. ಎರಡೂ ಪಕ್ಷಗಳನ್ನು ತೊರೆದವರು ತಟಸ್ಥ ದೇಶದ ಸೈನಿಕರ ರಕ್ಷಣೆಯಲ್ಲಿ, ಆದರೆ ಕಾದಿದ ಪಕ್ಷವೊಂದರ ಧ್ವಜದಡಿಯಲ್ಲಿ ಸಾಗಿದರು. ಹಡಗಿನ ಮೇಲೆ ಕ್ಯಾಪ್ಟನ್ನನ ಮಾತೇ ಕಾನೂನು. ಸೈನಿಕರ ಶಿಸ್ತು ಅವರ ಅಧಿಕಾರಿಗಳಿಗೆ ಸೇರಿದ್ದು. ಈ ಎರಡು ಅಧಿಕಾರಗಳ ನಡುವೆ, ಎರಡಕ್ಕೂ ನೇರವಾಗಿ ಒಳಪಡದ 88 ಮಂದಿಯ ಸುರಕ್ಷತೆಯನ್ನು ನೋಡಿಕೊಳ್ಳಬೇಕಾಗಿತ್ತು. ಏಳು ವರ್ಷಗಳ ಹಿಂದಿನವರೆಗೆ ಬ್ರಿಟಿಷ್ ಸೈನ್ಯ ವ್ಯವಸ್ಥೆಯ ಭಾಗವಾಗಿದ್ದ ಭಾರತದ ಪಡೆ, ಬ್ರಿಟಿಷ್ ಹಡಗಿನಲ್ಲಿಯೇ ಬೇರೊಂದು ಪ್ರಭುತ್ವದ ಪರವಾಗಿ ಕಾವಲು ನಿಂತಿತೆಂಬುದೂ ಇತಿಹಾಸದ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಮೂರನೆಯದು ಬೇಲಿಯ ಸ್ವರೂಪ. ಶಿಬಿರದಲ್ಲಿ ಮುಳ್ಳುತಂತಿಯಿತ್ತು, ಹಡಗಿನ ಸುತ್ತ ಕಡಲಿತ್ತು. ಅಲ್ಲಿಂದ ತಪ್ಪಿಸಿಕೊಂಡು ಹೋಗುವುದಕ್ಕೆ ಊರಿಲ್ಲ. ಆದ್ದರಿಂದ ಓಡಿಹೋಗುವವನನ್ನು ತಡೆಯುವ ಕೆಲಸ ತಾನಾಗಿಯೇ ಹಿಂದೆ ಸರಿದು, ಮನುಷ್ಯನನ್ನು ಅವನ ಒಂಟಿತನದಿಂದಲೂ ಸಂಗಡಿಗರ ಹಳೆಯ ವೈರದಿಂದಲೂ ಕಾಪಾಡುವ ಕೆಲಸ ಮುಂದೆ ಬರುತ್ತದೆ. ಉತ್ತರದವರು, ದಕ್ಷಿಣದವರು, ಚೀನೀಯರು ಒಂದೇ ಹಡಗಿನಲ್ಲಿ ಇದ್ದರೆಂಬುದನ್ನೂ, ಊರು ಮನೆ ಹೆಂಡಿರು ಮಕ್ಕಳನ್ನು ಮತ್ತೆ ನೋಡುವ ಆಸೆಯನ್ನು ಅವರು ಬಿಟ್ಟು ಬಂದಿದ್ದರೆಂಬುದನ್ನೂ ನೆನೆಯಬೇಕು. ಸೆರೆಮನೆಯ ಕಾವಲು ಹೊಲದ ಕಾವಲಾಗಿ ಮಾರ್ಪಟ್ಟದ್ದು ಈ ಹಡಗಿನ ಮೇಲೆ.

ಕೊರಿಯಾದ ಸಾಹಿತ್ಯ ಈ ಮರ್ಮವನ್ನು ಬೇಗನೆ ಗುರುತಿಸಿತು. ಚೋಯ್ ಇನ್-ಹುನ್ ಅವರು 1960ರಲ್ಲಿ ಪ್ರಕಟಿಸಿದ, ‘ಚೌಕ’ ಎಂಬ ಅರ್ಥದ ಹೆಸರುಳ್ಳ ಕಾದಂಬರಿಯ ನಾಯಕನು ತಟಸ್ಥ ದೇಶವನ್ನು ಆರಿಸಿಕೊಂಡು ಹಡಗೇರಿದ ಯುದ್ಧಕೈದಿ. ಕಾದಂಬರಿಯಲ್ಲಿ ಆ ಹಡಗಿನ ಹೆಸರು ‘ಟಾಗೋರ್’. ಪ್ರಯಾಣದ ನಡುವೆ ಅವನು ಸಮುದ್ರದ ಪಾಲಾಗುತ್ತಾನೆ. ಆಧುನಿಕ ಕೊರಿಯನ್ ಕಾದಂಬರಿಗಳಲ್ಲಿ ಪ್ರಮುಖವೆಂದು ಎಣಿಸಲಾಗುವ ಈ ಕೃತಿಯ ಬೆನ್ನಿಗೆ ನಿಂತ ವಾಸ್ತವ ಪ್ರಯಾಣದ ಕೊನೆಯ ನಿಲ್ದಾಣ ನಮ್ಮ ಮದರಾಸು. ಕಾದಂಬರಿಯ ನಾಯಕನು ಭಾರತವನ್ನು ಕಾಣಲಿಲ್ಲ. ನಿಜವಾದ ಆಸ್ಟೂರಿಯಾಸಿನ ಪ್ರಯಾಣಿಕರು ಮದರಾಸಿನಲ್ಲಿ ಇಳಿದರು.

6

ಮದರಾಸಿನಿಂದ ಅವರನ್ನು ದೆಹಲಿಗೆ ಕರೆದೊಯ್ದು ಅಲ್ಲಿಯ ದಂಡು ಪ್ರದೇಶದಲ್ಲಿ ಇರಿಸಲಾಯಿತು. ಆಯೋಗವು ಆ ವೇಳೆಗೆ ವಿಸರ್ಜನೆಗೊಂಡಿತು. ನಿಯಮಾವಳಿ ‘ತಟಸ್ಥ ದೇಶ’ ಎಂಬ ಪದವನ್ನು ಬಳಸಿತ್ತೇ ಹೊರತು, ಬಾಗಿಲು ತೆರೆಯುವ ದೇಶ ಯಾವುದೆಂದು ಹೇಳಿರಲಿಲ್ಲ. ಎರಡು ವರ್ಷಗಳ ಕಾಯುವಿಕೆಯ ನಂತರ, 1956ರಲ್ಲಿ, ಐವತ್ತಕ್ಕೂ ಹೆಚ್ಚು ಮಂದಿಗೆ ಬ್ರೆಜಿಲ್ ಆಶ್ರಯ ನೀಡಿತು. ಸಣ್ಣ ಗುಂಪೊಂದು ಅರ್ಜೆಂಟೀನಾಕ್ಕೆ ಹೋಯಿತು. ಕೆಲವರು ಮನಸ್ಸು ಬದಲಿಸಿ ಸ್ವದೇಶಕ್ಕೆ ಮರಳಿದರು; ಬೆರಳೆಣಿಕೆಯಷ್ಟು ಮಂದಿ ಭಾರತದಲ್ಲಿಯೇ ನೆಲೆಸಿದರು. ಆಸ್ಟೂರಿಯಾಸ್ ಹಡಗು ತನ್ನ ಯೌವನದಲ್ಲಿ ಶ್ರೀಮಂತರನ್ನು ಒಯ್ಯುತ್ತಿದ್ದ ದೇಶಗಳಿಗೇ ಅದರ ಕೊನೆಗಾಲದ ಪ್ರಯಾಣಿಕರೂ ಬೇರೆ ದಾರಿಯಿಂದ ಹೋಗಿ ಸೇರಿದರು.

ಈ ವಿವರಗಳಿಂದ ಒಂದು ಮಿತಿಯೂ ಸ್ಪಷ್ಟವಾಗುತ್ತದೆ. ಕಾವಲುಗಾರನು ಒಬ್ಬನ ಆಯ್ಕೆಯನ್ನು ಇತರರ ಬಲದಿಂದ ಕಾಪಾಡಬಲ್ಲ. ಆ ಆಯ್ಕೆಗೆ ಒಂದು ನೆಲವನ್ನು ಒದಗಿಸಲಾರ. ಭಾರತದ ಪಡೆಯ ಕಾರ್ಯವನ್ನು ಆಗ ಎರಡೂ ಪಕ್ಷಗಳು ಒಮ್ಮೆಯಾದರೂ ಟೀಕಿಸಿದವು, ಅನಂತರ ಪ್ರಶಂಸೆಯೂ ಬಂದಿತು. ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ದೊರೆಯಿತು. ಆ ಪ್ರಶಂಸೆ ಯೋಗ್ಯವಾದುದೇ. ಆದರೆ ಇಪ್ಪತ್ತು ಸಾವಿರ ಕೈದಿಗಳ ಪಾಲಿಗೆ ಮುಕ್ತ ಆಯ್ಕೆಯು ಬಹುಮಟ್ಟಿಗೆ ಹೆಸರಿಗೆ ಮಾತ್ರ ಉಳಿಯಿತೆಂಬುದನ್ನೂ, ಎಂಬತ್ತೆಂಟು ಮಂದಿಯ ಆಯ್ಕೆ ಎರಡು ವರ್ಷ ಅತಂತ್ರವಾಗಿ ನಿಂತಿತೆಂಬುದನ್ನೂ ಜೊತೆಯಲ್ಲಿಯೇ ಹೇಳದಿದ್ದರೆ ನಮ್ಮ ಇತಿಹಾಸ ಬರಿಯ ಅಭಿನಂದನೆಯಾಗುತ್ತದೆ. ತಿಮ್ಮಯ್ಯನವರೇ ಬರೆದ ವೃತ್ತಾಂತವು ಅವರು ಸೈಪ್ರಸ್ಸಿನಲ್ಲಿ 1965ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ, ಅಚ್ಚಾಯಿತು. ತಟಸ್ಥತೆಯನ್ನು ಅವರು ಒಂದು ಪ್ರಯೋಗವೆಂದು ತಮ್ಮ ಗ್ರಂಥದ ಹೆಸರಿನಲ್ಲಿಯೇ ಕರೆದಿದ್ದಾರೆ. ಪ್ರಯೋಗಕ್ಕೆ ಸೋಲೂ ಉಂಟೆಂಬ ವಿನಯ ಆ ಪದದಲ್ಲಿದೆ.

ಈ ಪ್ರಸಂಗವು ಕನ್ನಡದಲ್ಲಿ ಬೆಳೆಯದೆ ಉಳಿದುದಕ್ಕೆ ಕಾರಣವನ್ನು ಆ ಕಾಲದ ಆಡಳಿತ ವಿಭಾಗಗಳಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ. 1954ರ ಫೆಬ್ರವರಿಯಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಬಳ್ಳಾರಿ ಮೈಸೂರಿಗೆ ಸೇರಿ ಇನ್ನೂ ಐದು ತಿಂಗಳಾಗಿತ್ತು. ಧಾರವಾಡ ಮುಂಬಯಿಗೆ, ಕಲಬುರ್ಗಿ ಹೈದರಾಬಾದಿಗೆ ಸೇರಿದ್ದವು. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲೆ ನಾವು ಬರೆದ ಇತಿಹಾಸಗಳು ಹೊಸ ರಾಜ್ಯದ ಗಡಿಯೊಳಗಿನ ಸಂಗತಿಗಳನ್ನು ಹಿಂದಕ್ಕೆ ಹುಡುಕಿಕೊಂಡು ಹೋದವು. ಕೊಡಗಿನ ಸೇನಾನಿ, ಮದರಾಸಿನ ಬಂದರು, ಕೊರಿಯಾದ ಕೈದಿಗಳು, ದೆಹಲಿಯ ಕಡತಗಳು ಎಂಬಂತೆ ನಾಲ್ಕು ಕಡೆ ಹರಡಿದ್ದ ವಿಷಯ ಯಾರ ಪಾಲಿಗೂ ಬರಲಿಲ್ಲ. ಹೊರನಾಡಿನ ಕನ್ನಡ ಸಂಶೋಧಕರಿಗೆ ಇಂಥ ವಿಷಯಗಳಲ್ಲಿ ವಿಶೇಷವಾದ ಅನುಕೂಲವಿದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯವೂ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಅಭಿಲೇಖಾಲಯವೂ ಅವರಿಗೆ ಹತ್ತಿರ. 2021ರಲ್ಲಿ ಮಡಿಕೇರಿಯ ‘ಸನ್ನಿಸೈಡ್’ ಮನೆ ತಿಮ್ಮಯ್ಯನವರ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದೇ ವರ್ಷ ದೆಹಲಿಯ ದಂಡು ಪ್ರದೇಶದಲ್ಲಿ ಭಾರತ-ಕೊರಿಯಾ ಮೈತ್ರಿಯ ಉದ್ಯಾನವೊಂದು ಉದ್ಘಾಟನೆಗೊಂಡು, ಅಲ್ಲಿಯೂ ಅವರ ಪ್ರತಿಮೆ ನಿಂತಿತು. ಸ್ಮಾರಕಗಳು ಬಂದಿವೆ, ಅವುಗಳ ಹಿಂದಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಕೆಲಸ ಬಾಕಿಯಿದೆ.

ಕೊನೆಯದಾಗಿ ಹಡಗಿನ ಅಂತ್ಯವನ್ನು ಹೇಳಿ ಮುಗಿಸಬಹುದು. 1957ರಲ್ಲಿ ಆಸ್ಟೂರಿಯಾಸನ್ನು ಸ್ಕಾಟ್ಲೆಂಡಿನ ಫಾಸ್ಲೇನಿನಲ್ಲಿ ಒಡೆಯಲು ಮಾರಲಾಯಿತು. ಒಡೆಯುವ ಕೆಲಸ ನಡೆಯುತ್ತಿದ್ದಂತೆ ಚಿತ್ರ ತಯಾರಕರು ಅಲ್ಲಿಗೆ ಬಂದು, ಅದರ ಒಂದು ಪಾರ್ಶ್ವಕ್ಕೆ ಬಣ್ಣ ಬಳಿದು, ಅದನ್ನೇ ಟೈಟಾನಿಕ್ ಎಂದು ತೋರಿಸಿ, ಜನರನ್ನು ಜೀವರಕ್ಷಕ ದೋಣಿಗಳಲ್ಲಿ ಇಳಿಸುವ ದೃಶ್ಯಗಳನ್ನು ಚಿತ್ರಿಸಿಕೊಂಡರು. ಆ ಚಿತ್ರ 1958ರಲ್ಲಿ ತೆರೆಕಂಡಿತು. ಹಲಗೆ, ಬಟ್ಟೆ, ಬಣ್ಣಗಳಿಂದ ಹಡಗನ್ನೂ ಅರಮನೆಯನ್ನೂ ನಿಲ್ಲಿಸುವ ವಿದ್ಯೆಯನ್ನು ಕೋಡಂಬಾಕ್ಕಂ ಚೆನ್ನಾಗಿ ಬಲ್ಲದು. ಅಲ್ಲಿ ಸುಳ್ಳು ಹಡಗು ನಿಜವೆಂದು ತೋರುತ್ತಿತ್ತು. ಇಲ್ಲಿ ನಿಜವಾದ ಹಡಗು ಬೇರೊಂದರ ವೇಷ ತೊಟ್ಟು ಕಣ್ಮರೆಯಾಯಿತು. ಮುಳುಗಿದ ಹಡಗಿನ ಕಥೆ ಲೋಕಕ್ಕೆಲ್ಲ ಗೊತ್ತಿದೆ. ಎಂಬತ್ತೆಂಟು ಮಂದಿಯನ್ನು ಸುರಕ್ಷಿತವಾಗಿ ಮದರಾಸಿನ ದಡ ಮುಟ್ಟಿಸಿದ ಹಡಗಿನ ಕಥೆಯನ್ನು, ಕೋಡಂಬಾಕ್ಕಂನ 1954ನ್ನು ಬಲ್ಲ ನಾವಾದರೂ ನೆನಪಿನಲ್ಲಿಡಬೇಕಾಗಿದೆ.